ಹನ್ನೊಂದು ರೂಪಾಯಿ ಬಾಡಿಗೆ ಮತ್ತು ಎರಡನೇ ಮಹಾಯುದ್ಧ

ಮುಂಬಯಿಯ ಗಿರಗಾಂವ್‌ನ ಒಂದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಬಾಡಿಗೆ ಕಟ್ಟಡದಲ್ಲಿ, ನಮ್ಮ ದೊಡ್ಡಪ್ಪನ ಖೋಲಿ (ಕೋಣೆ) ಇದೆ. ಅಜ್ಜ ಕುಮಟಾದಿಂದ ಬಂದು 1938ರಲ್ಲಿ ಬಾಡಿಗೆಗೆ ಹಿಡಿದದ್ದು. ಗೋಡೆಯ ಮೊಳೆಗೆ ತೂಗುಹಾಕಿದ ತಂತಿಯಲ್ಲಿ ಬಾಡಿಗೆ ರಸೀದಿಗಳನ್ನೆಲ್ಲ ಚುಚ್ಚಿಟ್ಟಿದ್ದಾರೆ. ಕೆಳಗಿನವು ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವ ಹಾಗಿವೆ. 1950ರ ಒಂದು ರಸೀದಿಯಲ್ಲಿ ತಿಂಗಳ ಬಾಡಿಗೆ ಹನ್ನೊಂದು ರೂಪಾಯಿ. 1985ರ ರಸೀದಿಯಲ್ಲೂ ಮೂಲ ಬಾಡಿಗೆಯ ಸಾಲಿನಲ್ಲಿ ಅದೇ ಹನ್ನೊಂದು. ಅದರ ಕೆಳಗೆ ತೆರಿಗೆ, ರಿಪೇರಿ ಸೆಸ್ಸು (ಕಟ್ಟಡ ರಿಪೇರಿಗೆಂದು ಹಾಕುವ ಕರ) ಅಂತ ಬೇರೆ ಬೇರೆ ಸಾಲುಗಳು ಸೇರಿಕೊಂಡಿವೆ, ಅಷ್ಟೆ.

ಮೂವತ್ತೈದು ವರ್ಷ ಒಂದು ಬಾಡಿಗೆ ಅಲುಗಾಡದೆ ನಿಂತದ್ದು ಹೇಗೆ? ನಮ್ಮ ಭಾನುವಾರದ ಓದಿನ ಗುಂಪಿಗೆ ಈ ಸಲ ಬಂದಿರುವ ವಿಷಯ ‘ಯುದ್ಧ ಮತ್ತು ಜನಜೀವನ’. ಓದುತ್ತಾ ಹೋದಾಗ ನನಗೆ ಉತ್ತರ ಸಿಕ್ಕಿದ್ದು ಈ ರಸೀದಿಯಿಂದಲೇ. ಯುದ್ಧಕ್ಕೆಂದು ಮಾಡಿದ ಏರ್ಪಾಡು ಯುದ್ಧ ಮುಗಿದ ಮೇಲೂ ಮನೆಯೊಳಗೆ ಉಳಿದುಬಿಡುತ್ತದೆ. ಈ ಟಿಪ್ಪಣಿಯಲ್ಲಿ ನಾನು ಹಿಡಿದುಕೊಂಡಿರುವ ಎಳೆ ಇದೊಂದೇ.

ಬಾಡಿಗೆ

ಮೊದಲು ಕಾರಣ ಅರ್ಥ ಮಾಡಿಕೊಳ್ಳೋಣ. ಯುದ್ಧ ಬಂದಾಗ ಕಬ್ಬಿಣ, ಸಿಮೆಂಟು ಎಲ್ಲ ಸೈನ್ಯಕ್ಕೆ ಹೋಗುತ್ತದೆ. ಹೊಸ ಮನೆ ಕಟ್ಟುವುದು ನಿಲ್ಲುತ್ತದೆ. ಅದೇ ಹೊತ್ತಿಗೆ ಗಿರಣಿಗಳಲ್ಲಿ, ಗೋದಿಗಳಲ್ಲಿ (ಬಂದರಿನ ಹಡಗುಕಟ್ಟೆಗಳಲ್ಲಿ) ಕೆಲಸ ಜಾಸ್ತಿಯಾಗಿ ಊರೂರಿನಿಂದ ಜನ ಬರುತ್ತಾರೆ. ಮನೆ ಕಡಿಮೆ, ಕೇಳುವವರು ಜಾಸ್ತಿ. ಮಾಲೀಕ ಬಾಡಿಗೆ ಏರಿಸುತ್ತಾನೆ, ಕೊಡಲಾಗದವರು ಬೀದಿಗೆ ಬೀಳುತ್ತಾರೆ. ಆಗ ಸರ್ಕಾರ ಬಾಡಿಗೆಗೆ ಬೇಲಿ ಹಾಕುತ್ತದೆ.

ಮುಂಬಯಿಯಲ್ಲಿ ಇದು ಎರಡು ಸಲ ನಡೆಯಿತು. ಮೊದಲನೇ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಬಾಡಿಗೆ ಕಾಯ್ದೆ ಬಂತು. ಅದರ ಹೆಸರಿನಲ್ಲೇ ‘ಯುದ್ಧಕಾಲದ ನಿರ್ಬಂಧ’ ಎಂಬ ಮಾತಿತ್ತು. ಅದು ತಾತ್ಕಾಲಿಕ, ಕೆಲವು ವರ್ಷಗಳಲ್ಲಿ ಮುಗಿಯಿತು. ಎರಡನೆಯದು ಹಾಗೆ ಮುಗಿಯಲಿಲ್ಲ. 1947ರ ಮುಂಬಯಿ ಬಾಡಿಗೆ ಕಾಯ್ದೆ ಒಂದು ದಿನಾಂಕ ಗೊತ್ತುಮಾಡಿತು: 1940ರ ಸೆಪ್ಟೆಂಬರ್ 1. ಆ ದಿನ ಒಂದು ಖೋಲಿಗೆ ಎಷ್ಟು ಬಾಡಿಗೆ ಇತ್ತೋ ಅದೇ ಅದರ ‘ಸ್ಟ್ಯಾಂಡರ್ಡ್ ರೆಂಟ್’, ಅಂದರೆ ಕಾಯ್ದೆ ಒಪ್ಪುವ ಬಾಡಿಗೆ. ಜರ್ಮನಿ ಪೋಲೆಂಡಿನ ಮೇಲೆ ನುಗ್ಗಿದ್ದು 1939ರ ಸೆಪ್ಟೆಂಬರ್ 1ಕ್ಕೆ. ಅಂದರೆ ಯುದ್ಧ ಶುರುವಾಗಿ ಸರಿಯಾಗಿ ಒಂದು ವರ್ಷವಾದ ದಿನದ ಬಾಡಿಗೆ ನಮ್ಮ ದೊಡ್ಡಪ್ಪನ ರಸೀದಿಯಲ್ಲಿ ಕೂತಿದೆ.

ಇದರ ಎರಡೂ ಮುಖ ನೋಡಬೇಕು. ಆ ಹನ್ನೊಂದು ರೂಪಾಯಿ ಇಲ್ಲದಿದ್ದರೆ ಹೋಟೆಲಿನಲ್ಲಿ ದುಡಿಯುತ್ತಿದ್ದ ನಮ್ಮ ಅಜ್ಜನಿಗೆ ಗಿರಗಾಂವ್‌ನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ನಮ್ಮ ತಂದೆ, ಅತ್ತೆಯಂದಿರು ಇಲ್ಲಿ ಶಾಲೆ ಕಲಿಯುತ್ತಿರಲಿಲ್ಲ. ಇದು ನಾನು ಮರೆಯುವ ಮಾತಲ್ಲ. ಆದರೆ ಹನ್ನೊಂದು ರೂಪಾಯಿಯಲ್ಲಿ ಮಾಲೀಕ ಛಾವಣಿ ರಿಪೇರಿ ಮಾಡಿಸುವುದಾದರೂ ಹೇಗೆ? ಕಟ್ಟಡಗಳು ಕುಸಿಯತೊಡಗಿದವು. ಇಂಥ ಕಟ್ಟಡಗಳ ರಿಪೇರಿ ನೋಡಿಕೊಳ್ಳುವ ಮಂಡಳಿಗಾಗಿ 1969ರಲ್ಲಿ ಬೇರೆಯೇ ಕಾಯ್ದೆ ಮಾಡಬೇಕಾಯಿತು. ಬಾಡಿಗೆ ಏರಿಸಲು ಬಾರದ ಮಾಲೀಕರು ಖೋಲಿ ಕೊಡುವಾಗ ಕೈಗೆ ದೊಡ್ಡ ಮೊತ್ತ ಕೇಳುವ ‘ಪಗಡಿ’ ಪದ್ಧತಿ ಬೇರೂರಿತು. ಕೊನೆಗೆ 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಏರಿಸಲು ಅವಕಾಶ ಕೊಟ್ಟಿತು, ಪಗಡಿಯನ್ನೂ ಒಪ್ಪಿಕೊಂಡಿತು. ಯುದ್ಧ ಮುಗಿದು ಅಷ್ಟರಲ್ಲಿ ಐವತ್ತು ವರ್ಷ ದಾಟಿತ್ತು.

ಅಕ್ಕಿ

ಮುಂಬಯಿಗೆ ಬರ್ಮಾದಿಂದ ಅಕ್ಕಿ ಬರುತ್ತಿತ್ತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ಕೈಗೆ ಹೋಯಿತು, ಅಕ್ಕಿಯ ಹಡಗು ನಿಂತಿತು. 1943ರ ಮೇ ತಿಂಗಳಿನಿಂದ ಮುಂಬಯಿಯಲ್ಲಿ ರೇಷನ್ ಶುರು. ಅಕ್ಕಿಯ ಬದಲು ಗೋಧಿಯನ್ನೂ ಹಿಡಿಯಬೇಕಾಯಿತು. ಎರಡು ಹೊತ್ತೂ ಅನ್ನ ಉಣ್ಣುತ್ತಿದ್ದ ಕರಾವಳಿಯ ಮನೆಗಳಿಗೆ ಇದು ಸಣ್ಣ ಮಾತಾಗಿರಲಿಲ್ಲ. ನಮ್ಮ ಅಜ್ಜಿ ಚಪಾತಿ ಲಟ್ಟಿಸಲು ಕಲಿತದ್ದು ಪಕ್ಕದ ಖೋಲಿಯ ಮರಾಠಿ ಹೆಂಗಸಿನಿಂದ, ಆ ವರ್ಷಗಳಲ್ಲೇ.

ಬೆಂಗಳೂರಿನ ಎಂಟಿಆರ್‌ನವರು ರವೆ ಇಡ್ಲಿ ಹುಟ್ಟಿದ ಕಥೆ ಹೇಳುವುದೂ ಹೀಗೆಯೇ. ಯುದ್ಧಕಾಲದಲ್ಲಿ ಅಕ್ಕಿ ಸಿಗಲಿಲ್ಲ, ರವೆಯಲ್ಲಿ ಮಾಡಿ ನೋಡಿದೆವು ಎನ್ನುತ್ತಾರೆ. ಮುಂಬಯಿಯ ಮಾಟುಂಗಾದಲ್ಲಿ ಬೆಳಿಗ್ಗೆ ರವೆ ಇಡ್ಲಿ ತಿನ್ನುವಾಗ ಬರ್ಮಾದ ಯುದ್ಧ ಯಾರಿಗೆ ನೆನಪಾಗುತ್ತದೆ, ಅಲ್ವಾ?

ಕೇಂದ್ರದಲ್ಲಿ ಆಹಾರ ಮಂತ್ರಿಯಾಗಿದ್ದ ರಫಿ ಅಹಮದ್ ಕಿದ್ವಾಯಿ 1954ರಲ್ಲಿ ಧಾನ್ಯದ ಮೇಲಿನ ಸರ್ಕಾರಿ ಕಂಟ್ರೋಲ್ ತೆಗೆದರು. ಮುಂದೆ ಬರಗಾಲ ಬಂದಾಗ ರೇಷನ್ ಮತ್ತೆ ಗಟ್ಟಿಯಾಯಿತು. ಇವತ್ತಿಗೂ ಮುಂಬಯಿಯ ಪಡಿತರ ನೋಡಿಕೊಳ್ಳುವ ಅಧಿಕಾರಿಯ ಹುದ್ದೆಗೆ ‘ಕಂಟ್ರೋಲರ್ ಆಫ್ ರೇಷನಿಂಗ್’ ಎಂದೇ ಹೆಸರು.

ಗೋದಿಯ ಸ್ಫೋಟ

1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ನಿಂತಿತ್ತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ. ಜೊತೆಗೆ ಹತ್ತಿಯ ಸಾವಿರಾರು ಬೇಲು, ಎಣ್ಣೆಯ ಪೀಪಾಯಿ, ಚಿನ್ನದ ಗಟ್ಟಿ. ಇವನ್ನೆಲ್ಲ ಒಂದೇ ಹಡಗಿಗೆ ತುಂಬಿದ್ದು ಯುದ್ಧದ ಅವಸರ. ಮಧ್ಯಾಹ್ನ ಬೆಂಕಿ ಕಾಣಿಸಿತು, ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು, ಅರ್ಧ ಗಂಟೆಯಲ್ಲಿ ಮತ್ತೊಮ್ಮೆ. ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕರು ಸತ್ತರು. ದೇಶದ ತುಂಬ ಏಪ್ರಿಲ್ 14ರಂದು ಅಗ್ನಿಶಾಮಕ ದಿನ ಆಚರಿಸುವುದು ಅವರ ನೆನಪಿಗೆ.

ಇಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸೆನ್ಸಾರ್, ಅಂದರೆ ಸುದ್ದಿಯ ಮೇಲಿನ ಸರ್ಕಾರಿ ತಡೆ. ಊರಿಗೆ ಊರೇ ನಡುಗಿದೆ, ಸಾವಿರಾರು ಜನ ಮನೆ ಕಳೆದುಕೊಂಡಿದ್ದಾರೆ. ಆದರೂ ಪತ್ರಿಕೆಗಳು ಪೂರ್ತಿ ಸುದ್ದಿ ಹಾಕಲು ಮೇ ತಿಂಗಳವರೆಗೆ ಕಾಯಬೇಕಾಯಿತು. ಮನೆಗೆ ಬಾರದ ಗಂಡನನ್ನು, ಮಗನನ್ನು ಹುಡುಕುತ್ತಿದ್ದವರಿಗೆ ಆ ದಿನಗಳು ಹೇಗಿದ್ದಿರಬೇಕು.

ದೂರದ ಯುದ್ಧ, ನಮ್ಮ ಹತ್ತಿ

ಇನ್ನೊಂದು ವಿಷಯ, ನಮ್ಮ ಕಡೆಯವರಿಗೆ ತೀರ ಹತ್ತಿರದ್ದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲ. ಮುಂಬಯಿಯಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಬಂದು, ಅಲ್ಲಿಂದ ಸಮುದ್ರದ ದಾರಿಯಲ್ಲಿ ಮುಂಬಯಿ ಸೇರುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅದರ ಹಿಂದೆಯೂ ಕಾರವಾರ ಬಂದರಿನ ಮೇಲೆ ಕಣ್ಣಿಟ್ಟ ಹತ್ತಿ ವ್ಯಾಪಾರಿಗಳ ಒತ್ತಾಯ ಇತ್ತು. ನಮ್ಮ ಅಜ್ಜ ಮದ್ರಾಸಿಗೆ ಹೋಗದೆ ಮುಂಬಯಿಗೆ ಬಂದದ್ದರಲ್ಲಿ ಈ ಹಳೆಯ ದಾರಿಯ ಪಾಲೂ ಇದೆ ಎಂದು ನನಗೆ ಈಗ ಅನಿಸುತ್ತದೆ.

1865ರಲ್ಲಿ ಅಮೆರಿಕದಲ್ಲಿ ಶಾಂತಿ ಆಯಿತು. ಮುಂಬಯಿಯಲ್ಲಿ ಹತ್ತಿ ಬೆಲೆ ಕುಸಿದು ಬ್ಯಾಂಕುಗಳು, ಕಂಪನಿಗಳು ಮುಳುಗಿದವು. ಯುದ್ಧ ನಿಂತದ್ದಕ್ಕೇ ಒಂದು ಊರು ದಿವಾಳಿಯಾಯಿತು. 

ಮುಂಬಯಿಯ ಓವಲ್, ಕ್ರಾಸ್, ಆಜಾದ್ ಮೈದಾನಗಳದ್ದೂ ಸೈನ್ಯದ ಕಥೆಯೇ. ಕೋಟೆಯಿಂದ ತೋಪು ಹಾರಿಸಲು ಅಡ್ಡ ಇರಬಾರದೆಂದು ಬಯಲು ಬಿಟ್ಟ ಜಾಗ ಅದು. 1860ರ ದಶಕದಲ್ಲಿ ಕೋಟೆಯ ಗೋಡೆ ಒಡೆದರು. ಬಯಲು ಹುಡುಗರ ಕ್ರಿಕೆಟ್ಟಿಗೆ ಉಳಿಯಿತು.

1971

ಇದು ಪಾಕಿಸ್ತಾನದ ಜೊತೆಗಿನ ಯುದ್ಧದ ಬಗ್ಗೆ ದೊಡ್ಡಪ್ಪನ ನೆನಪು. ಆಗ ಅವರಿಗೆ ಹತ್ತು ವರ್ಷ. ಡಿಸೆಂಬರಿನಲ್ಲಿ ಸೈರನ್ ಆದರೆ ಚಾಳಿನ ಗ್ಯಾಲರಿಯಲ್ಲಿ ಹುಡುಗರು ‘ಲೈಟ್ ಬಂದ್ ಕರಾ’ ಎಂದು ಕೂಗುತ್ತಾ ಓಡುತ್ತಿದ್ದರು. ಕಿಟಕಿಗಳಿಗೆ ಕಪ್ಪು ಕಾಗದ, ಮೋಟಾರಿನ ದೀಪದ ಮೇಲರ್ಧಕ್ಕೆ ಕಪ್ಪು ಬಣ್ಣ. ಅಡುಗೆ ಕಟ್ಟೆಯ ಮೇಲಿನ ಸಣ್ಣ ಗಾಜಿಗೆ ಕಾಗದ ನಿಲ್ಲಲಿಲ್ಲವೆಂದು ಅಜ್ಜ ಬಣ್ಣವನ್ನೇ ಬಳಿದರು. ಯುದ್ಧ ಹದಿಮೂರು ದಿನಕ್ಕೆ ಮುಗಿಯಿತು. ಆ ಗಾಜಿನ ಅಂಚಿನಲ್ಲಿ ಬಣ್ಣ ಈಗಲೂ ಇದೆ. ಉಗುರಿನಿಂದ ಕೆರೆದು ನೋಡಿದೆ, ಏಳಲಿಲ್ಲ.

ಮುಂದಿನ ವರ್ಷ ಚಾಳನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ನಮ್ಮ ಗುಂಪಿಗೆ ತೋರಿಸಲು ರಸೀದಿಗಳ ತಂತಿಯನ್ನೇ ಕೇಳಿದೆ. ದೊಡ್ಡಪ್ಪ ಮೇಲಿನವನ್ನೆಲ್ಲ ಬಿಡಿಸಿ ಕೊಟ್ಟರು. ತಳದಲ್ಲಿದ್ದ ಹತ್ತಿಪ್ಪತ್ತನ್ನು ಮಾತ್ರ ಕೊಡಲಿಲ್ಲ. “ಅವು ಬೇಡ ತಂಗಿ, ಒಡೆದು ಹೋಗ್ತವೆ. ನೀನೇ ಅವರನ್ನೆಲ್ಲ ಇಲ್ಲಿಗೆ ಕರ್ಕೊಂಡು ಬಾ” ಅಂದರು. ಹಾಗಾಗಿ ಬರುವ ಭಾನುವಾರದ ಓದು ಗಿರಗಾಂವ್‌ನಲ್ಲಿ, ಬೆಳಿಗ್ಗೆ ಹತ್ತಕ್ಕೆ. ನಿಮ್ಮ ಮನೆಯ ಹಳೆಯ ರೇಷನ್ ಕಾರ್ಡು, ಬಾಡಿಗೆ ರಸೀದಿ ಇದ್ದರೆ ಜೊತೆಗೆ ತನ್ನಿ.