ಫ್ಯಾಕ್ಟೋರಿಯಲ್ ಪ್ರೋಗ್ರಾಂ 13ಕ್ಕೆ ಬಂದಾಗ ಏಕೆ ತಪ್ಪುತ್ತದೆ?

ಲೂಪ್ ಕಲಿತ ಮೇಲೆ ಹೆಚ್ಚು ಕಡಿಮೆ ಎಲ್ಲರೂ ಬರೆಯುವ ಪ್ರೋಗ್ರಾಂ ಫ್ಯಾಕ್ಟೋರಿಯಲ್, ಅಂದರೆ 1ರಿಂದ ಕೊಟ್ಟ ಸಂಖ್ಯೆಯವರೆಗಿನ ಎಲ್ಲ ಪೂರ್ಣಾಂಕಗಳ ಗುಣಲಬ್ಧ. ಜಾವಾದಲ್ಲಿ ಉತ್ತರವನ್ನು ಪೂರ್ಣಾಂಕ ಹಿಡಿಯುವ ಇಂಟ್ ವೇರಿಯಬಲ್‌ನಲ್ಲಿಟ್ಟು 12 ಕೊಟ್ಟರೆ 479001600 ಬರುತ್ತದೆ. ಅದು ಸರಿ. 13 ಕೊಟ್ಟರೆ 1932053504 ಬರುತ್ತದೆ, ಆದರೆ ನಿಜವಾದ ಉತ್ತರ 6227020800. ಎರರ್ ಬರುವುದಿಲ್ಲ, ಲೂಪ್‌ನಲ್ಲಿ ಹುಡುಕಿದರೂ ತಪ್ಪು ಸಿಗುವುದಿಲ್ಲ.

ಈ ಉತ್ತರ ತಪ್ಪೆಂದು ಕಂಡುಹಿಡಿಯಲು ಕ್ಯಾಲ್ಕುಲೇಟರ್ ಬೇಕಿಲ್ಲ. 1ರಿಂದ 13ರವರೆಗೆ ಗುಣಿಸುವಾಗ 10 ಬರುತ್ತದೆ, ಜೊತೆಗೆ 2 ಮತ್ತು 5 ಸೇರಿ ಇನ್ನೊಂದು 10 ಆಗುತ್ತದೆ. ಹಾಗಾಗಿ ಕೊನೆಯಲ್ಲಿ ಎರಡು ಸೊನ್ನೆ ಇರಲೇಬೇಕು. 504ರಲ್ಲಿ ಮುಗಿಯುವ ಸಂಖ್ಯೆ ಉತ್ತರವಾಗಲು ಸಾಧ್ಯವೇ ಇಲ್ಲ. ಔಟ್‌ಪುಟ್ ಬಂದ ತಕ್ಷಣ ಇಂಥದೊಂದು ಕೈಲೆಕ್ಕ ಮಾಡಿ ನೋಡುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ.

ಕಾರಣ ಇರುವುದು ಇಂಟ್‌ನ ಅಳತೆಯಲ್ಲಿ. ಜಾವಾದ ಇಂಟ್ ಎಂದರೆ 32 ಬಿಟ್. ಪ್ರತಿ ಬಿಟ್‌ನಲ್ಲಿ 0 ಅಥವಾ 1 ಮಾತ್ರ ಕೂರುತ್ತದೆ. 32 ಬಿಟ್ ಬರೆದು ತೋರಿಸುವುದು ಉದ್ದವಾಗುತ್ತದೆ, 8 ಬಿಟ್‌ನಲ್ಲಿ ನೋಡೋಣ. 5 ಅಂದರೆ 00000101. ಇದನ್ನು ಮೈನಸ್ 5 ಮಾಡಲು ಎರಡು ಹೆಜ್ಜೆ: ಎಲ್ಲ ಬಿಟ್ ತಿರುಗಿಸಿ, 11111010. ಅದಕ್ಕೆ 1 ಕೂಡಿಸಿ, 11111011. ಇದಕ್ಕೆ ಎರಡರ ಪೂರಕ ಎಂದು ಹೆಸರು. ಹೀಗೇಕೆ ಮಾಡಬೇಕು ಎಂದರೆ, 00000101 ಮತ್ತು 11111011 ಎರಡನ್ನೂ ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ಕೂಡಿಸಿ ನೋಡಿ. ಬಲಗಡೆಯ ಮೊದಲ ಮನೆಯಲ್ಲಿ 1 ಮತ್ತು 1 ಸೇರಿ 0, ಕೈಯಲ್ಲಿ 1. ಆ ಕೈಯಲ್ಲಿನ 1 ಪ್ರತಿ ಮನೆಯನ್ನೂ 0 ಮಾಡುತ್ತಾ ಎಡಕ್ಕೆ ಸಾಗಿ ಒಂಬತ್ತನೆಯ ಮನೆಗೆ ಬರುತ್ತದೆ. ಒಂಬತ್ತನೆಯ ಮನೆಯೇ ಇಲ್ಲ, ಹಾಗಾಗಿ ಅದು ಬಿದ್ದುಹೋಗುತ್ತದೆ. ಉಳಿಯುವುದು ಎಂಟು ಸೊನ್ನೆ. 5 ಮತ್ತು ಮೈನಸ್ 5 ಕೂಡಿದರೆ 0 ಬರಬೇಕು, ಬಂತು. ಕಳೆಯಲು ಬೇರೆ ಸರ್ಕ್ಯೂಟ್ ಇಲ್ಲದೆ, ಕೂಡಿಸುವ ಸರ್ಕ್ಯೂಟ್‌ನಲ್ಲೇ ಕಳೆಯುವ ಕೆಲಸವೂ ಆಗುತ್ತದೆ. ಬಹಳ ಸೊಗಸಾದ ಏರ್ಪಾಟು ಇದು.

ಈ ಪದ್ಧತಿಯಲ್ಲಿ ಎಡತುದಿಯ ಬಿಟ್ 1 ಇದ್ದರೆ ಸಂಖ್ಯೆ ಋಣ. 8 ಬಿಟ್‌ನಲ್ಲಿ ಹಿಡಿಯುವುದು −128ರಿಂದ 127ರವರೆಗೆ. 32 ಬಿಟ್‌ನಲ್ಲಿ ಗರಿಷ್ಠ 2147483647. 127 ಅಂದರೆ 01111111, ಅದಕ್ಕೆ 1 ಕೂಡಿಸಿದರೆ 10000000. ಅದು −128.

ಈಗ ಫ್ಯಾಕ್ಟೋರಿಯಲ್‌ಗೆ ಮರಳೋಣ. 6227020800 ಬರೆಯಲು 33 ಬಿಟ್ ಬೇಕು. 33ನೆಯದು ಬಿದ್ದುಹೋಗುತ್ತದೆ. ಅದರ ಬೆಲೆ 4294967296. ಕಳೆದು ನೋಡಿ: 1932053504, ಪರದೆಯ ಮೇಲೆ ಬಂದದ್ದೇ. 14, 15, 16ಕ್ಕೂ ಉತ್ತರ ತಪ್ಪು, ಆದರೆ ಎಡತುದಿಯ ಬಿಟ್ 0 ಆಗಿಯೇ ಉಳಿಯುವುದರಿಂದ ಧನ ಸಂಖ್ಯೆಯೇ ಕಾಣುತ್ತದೆ. 17ಕ್ಕೆ −288522240 ಬರುತ್ತದೆ. ಹಲವರು ಇಲ್ಲಿಗೆ ಬಂದಾಗಲೇ ಗಾಬರಿಯಾಗಿ ಹುಡುಕಲು ಶುರುಮಾಡುವುದು, ತಪ್ಪು ನಡೆದು ಆಗಲೇ ನಾಲ್ಕು ಹೆಜ್ಜೆ ಆಗಿರುತ್ತದೆ. ಮೈನಸ್ ಬಂದರೆ ಮಾತ್ರ ಓವರ್‌ಫ್ಲೋ (ಸಂಖ್ಯೆ ಮಿತಿ ಮೀರುವುದು) ಎಂದು ತಿಳಿಯಬೇಡಿ.

34 ಕೊಟ್ಟರೆ ಉತ್ತರ 0. 2ರಿಂದ ಒಮ್ಮೆ ಗುಣಿಸಿದರೆ ದ್ವಿಮಾನ ಸಂಖ್ಯೆಯ ಬಲತುದಿಗೆ ಒಂದು ಸೊನ್ನೆ ಸೇರುತ್ತದೆ. 1ರಿಂದ 34ರವರೆಗಿನ ಗುಣಲಬ್ಧದಲ್ಲಿ 2 ಎಷ್ಟು ಸಲ ಇದೆ ಎಣಿಸಿ: 17, 8, 4, 2, 1 ಸೇರಿ 32. ಅಂದರೆ 32 ಮನೆಗಳೂ ಸೊನ್ನೆ. ಮುಂದೆ ಎಷ್ಟು ಗುಣಿಸಿದರೂ ಸೊನ್ನೆಯೇ.

ಪರಿಹಾರವೆಂದರೆ ಇಂಟ್ ಬದಲು 64 ಬಿಟ್‌ನ ಲಾಂಗ್ ಬಳಸುವುದು. ಅದರಲ್ಲಿ 20ರವರೆಗೆ ಸರಿ, 21ಕ್ಕೆ ಮತ್ತೆ ಅದೇ ಕಥೆ. ಲಾಂಗ್ ಬಳಸುವಾಗ ಒಂದು ತಪ್ಪು ತುಂಬಾ ಜನರಿಂದ ಆಗುತ್ತದೆ: ಗುಣಿಸುವ ಎರಡೂ ವೇರಿಯಬಲ್ ಇಂಟ್ ಆಗಿದ್ದು, ಉತ್ತರ ಹಿಡಿಯುವುದು ಮಾತ್ರ ಲಾಂಗ್ ಆಗಿರುತ್ತದೆ. ಗುಣಾಕಾರ ಮೊದಲು ಇಂಟ್ ಅಳತೆಯಲ್ಲೇ ನಡೆದು, ಕೆಟ್ಟ ಉತ್ತರ ಲಾಂಗ್‌ಗೆ ಹೋಗಿ ಕೂರುತ್ತದೆ. 100000 ಅನ್ನು 100000ದಿಂದ ಹೀಗೆ ಗುಣಿಸಿದರೆ 1410065408 ಸಿಗುತ್ತದೆ. ಗುಣಿಸುವ ಮುಂಚೆಯೇ ಒಂದನ್ನಾದರೂ ಲಾಂಗ್ ಮಾಡಬೇಕು.

ಓವರ್‌ಫ್ಲೋ ಆಗುವ ಮುನ್ನವೇ ಹಿಡಿಯಬೇಕಾದರೆ ಭಾಗಿಸಿ ಪರೀಕ್ಷಿಸಿ: ಇಲ್ಲಿಯವರೆಗಿನ ಗುಣಲಬ್ಧವು, ಗರಿಷ್ಠ ಸಂಖ್ಯೆಯನ್ನು ಮುಂದಿನ ಸಂಖ್ಯೆಯಿಂದ ಭಾಗಿಸಿದಾಗ ಬರುವ ಭಾಗಲಬ್ಧಕ್ಕಿಂತ ದೊಡ್ಡದಿದ್ದರೆ ನಿಲ್ಲಿಸಿ. ಗುಣಿಸಿದ ಮೇಲೆ ‘ಗರಿಷ್ಠಕ್ಕಿಂತ ದೊಡ್ಡದೇ?’ ಎಂದು ಕೇಳಿ ಉಪಯೋಗವಿಲ್ಲ, ಅಷ್ಟರಲ್ಲಿ ಸಂಖ್ಯೆ ಸುತ್ತಿಕೊಂಡು ಒಳಗೇ ಬಂದಿರುತ್ತದೆ. ಜಾವಾದಲ್ಲಿ ಎಷ್ಟು ದೊಡ್ಡ ಪೂರ್ಣಾಂಕವನ್ನೂ ಹಿಡಿಯುವ ಬಿಗ್‌ಇಂಟಿಜರ್ ಇದೆ, ಪೈಥಾನ್‌ನ ಪೂರ್ಣಾಂಕಗಳು ಬೇಕಾದಷ್ಟು ಬೆಳೆಯುತ್ತವೆ. ಸಿ ಭಾಷೆಯಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು: ಅಲ್ಲಿ ಚಿಹ್ನೆಯುಳ್ಳ ಪೂರ್ಣಾಂಕ ಮಿತಿ ಮೀರಿದರೆ ಏನಾಗಬೇಕೆಂದು ಭಾಷೆಯ ನಿಯಮ ಹೇಳುವುದೇ ಇಲ್ಲ, ಜಾವಾದಂತೆ ಸುತ್ತಿಕೊಳ್ಳುತ್ತದೆಂಬ ಖಾತ್ರಿ ಇಲ್ಲ.

1996ರ ಜೂನ್ 4ರಂದು ಅರಿಯಾನ್ 5 ರಾಕೆಟ್‌ನ ಮೊದಲ ಹಾರಾಟ ವಿಫಲವಾದದ್ದು ಇದೇ ಜಾತಿಯ ತಪ್ಪಿನಿಂದ. 64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ (ದಶಮಾಂಶವಿರಬಹುದಾದ) ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಬದಲಿಸಲು ಹೋದಾಗ ಅದು ಹಿಡಿಸಲಿಲ್ಲ. 16 ಬಿಟ್‌ನ ಮಿತಿ 32767.

‘ಹಾಗಾದರೆ ಡಬಲ್ ಬಳಸಿದರೆ ಆಯಿತಲ್ಲ’ ಎನ್ನುವವರಿಗೆ: ಡಬಲ್ ಎಂದರೆ 64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್. ಅದರ ವ್ಯಾಪ್ತಿ ದೊಡ್ಡದು, ಆದರೆ ನಿಖರತೆಗೆ ಇರುವುದು 53 ಬಿಟ್ ಮಾತ್ರ. ಫ್ಯಾಕ್ಟೋರಿಯಲ್ 22ರವರೆಗೆ ನಿಖರವಾಗಿರುತ್ತದೆ, 23ರಿಂದ ಕೊನೆಯ ಅಂಕಿಗಳು ಕೆಡುತ್ತವೆ. ಭಿನ್ನರಾಶಿಗಳಲ್ಲಿ ತೊಂದರೆ ಇನ್ನೂ ಬೇಗ ಶುರುವಾಗುತ್ತದೆ. 0.1 ಅನ್ನು ದ್ವಿಮಾನದಲ್ಲಿ ಬರೆದರೆ 0.000110011001100 ಎಂದು ಮುಗಿಯದೆ ಸಾಗುತ್ತದೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಅದಕ್ಕೇ 0.1ನ್ನು ಹತ್ತು ಸಲ ಕೂಡಿಸಿದರೆ 1 ಬರದೆ 0.9999999999999999 ಬರುತ್ತದೆ. ‘ಮೊತ್ತ 1ಕ್ಕೆ ಸಮವಾಗುವವರೆಗೆ’ ಎಂದು ವೈಲ್ ಲೂಪ್ ಬರೆದರೆ ಅದು 1ನ್ನು ದಾಟಿ ಹೋಗಿ ನಿಲ್ಲುವುದೇ ಇಲ್ಲ. ಲೂಪ್ ಎಣಿಸಲು ಪೂರ್ಣಾಂಕವನ್ನೇ ಇಟ್ಟುಕೊಂಡು, ಒಳಗೆ 10.0ರಿಂದ ಭಾಗಿಸಿಕೊಳ್ಳಿ.