ಏಳು ಜನರ ಕೈಲಿ ಇಂಟರ್‌ನೆಟ್ಟಿನ ಬೀಗದ ಕೈ?

‘ಇಡೀ ಪ್ರಪಂಚದ ಇಂಟರ್‌ನೆಟ್ಟಿನ ಬೀಗದ ಕೈ ಏಳೇ ಏಳು ಜನರ ಹತ್ತಿರ ಇದೆ, ಅವರು ಮನಸ್ಸು ಮಾಡಿದರೆ ಎಲ್ಲ ಬಂದ್!’ ಇಂಥ ಫಾರ್ವರ್ಡು ನಿಮಗೂ ಬಂದಿರಬಹುದು. ಏಳು ಜನ ಇರುವುದು ನಿಜ. ಉಳಿದದ್ದು ಒಗ್ಗರಣೆ.

ವಿಷಯ ಇಷ್ಟೇ. ವೆಬ್ ವಿಳಾಸಗಳ ಮೂಲ ಪಟ್ಟಿಯನ್ನು ಯಾರೂ ತಿದ್ದಿಲ್ಲ ಎಂದು ಖಾತ್ರಿಯಾಗಬೇಕಲ್ವಾ? ಅದಕ್ಕಾಗಿ 2010ರಿಂದ ಆ ಪಟ್ಟಿಗೆ ಡಿಜಿಟಲ್ ಸಹಿ ಬೀಳುತ್ತಿದೆ. ಸಹಿ ಹಾಕುವ ಕೀಲಿ ಅಮೆರಿಕದ ಎರಡು ಊರುಗಳಲ್ಲಿ, ಭದ್ರ ಯಂತ್ರಗಳ ಒಳಗೆ ಇದೆ. ಆ ಯಂತ್ರಗಳೆಲ್ಲ ಒಟ್ಟಿಗೇ ಹಾಳಾದರೆ? ಆ ಗಂಡಾಂತರಕ್ಕೆಂದು ಒಂದು ಬ್ಯಾಕಪ್ ಇಟ್ಟಿದ್ದಾರೆ. ಅದನ್ನು ಬಿಡಿಸುವ ಗುಟ್ಟನ್ನು ಪಾಲು ಮಾಡಿ ಏಳು ಜನರಿಗೆ ಸ್ಮಾರ್ಟ್ ಕಾರ್ಡುಗಳಲ್ಲಿ ಕೊಟ್ಟಿದ್ದಾರೆ. ಮೊದಲು ಪಾಲು ಪಡೆದವರಲ್ಲಿ ಕೆನಡಾ, ಚೀನಾ, ಬುರ್ಕಿನಾ ಫಾಸೊ ದೇಶದವರೂ ಇದ್ದರು. ಏಳರಲ್ಲಿ ಯಾರಾದರೂ ಐವರು ಸೇರಿದರೆ ಬ್ಯಾಕಪ್ ತೆರೆಯುತ್ತದೆ. ನಾಲ್ವರು ಸೇರಿದರೆ ಇಲ್ಲ. ಇಂಟರ್‌ನೆಟ್ ಆರಿಸುವ ಸ್ವಿಚ್ಚಂತೂ ಯಾರ ಹತ್ತಿರವೂ ಇಲ್ಲ.

ಫಾರ್ವರ್ಡು ಮಾಡುವವರು ನಿಜವಾದ ಸೋಜಿಗವನ್ನೇ ಬಿಟ್ಟುಬಿಡುತ್ತಾರೆ ಎನ್ನುವುದು ನನ್ನ ತಕರಾರು. ಯಾವ ಐವರಾದರೂ ಸಾಕು, ಆದರೆ ಯಾವ ನಾಲ್ವರಿಗೂ ಏನೂ ತಿಳಿಯಬಾರದು. ಒಂದು ಗುಟ್ಟನ್ನು ಹಾಗೆ ಹಂಚುವುದು ಹೇಗೆ?

ಪಾಸ್‌ವರ್ಡನ್ನು ತುಂಡು ಮಾಡಿ ಹಂಚಿದರೆ ಆಗದು. ಒಂದು ತುಂಡು ಕಳೆದರೆ ಎಲ್ಲ ಹೋಯಿತು. ಒಂದೇ ತುಂಡು ಕಡಿಮೆ ಇದ್ದವನೋ, ಉಳಿದದ್ದನ್ನು ಊಹಿಸಿಬಿಡುತ್ತಾನೆ. ಕಬ್ಬಿಣದ ಬೀಗಗಳಲ್ಲಿ ಮಾಡೋಣ ಎಂದರೆ ಲೆಕ್ಕ ಕೈಮೀರುತ್ತದೆ. ಒಂದು ಹಳೆಯ ಲೆಕ್ಕ ಹೀಗಿದೆ: ಹನ್ನೊಂದು ವಿಜ್ಞಾನಿಗಳು ಒಂದು ಕಡತವನ್ನು ಕಪಾಟಿನಲ್ಲಿಟ್ಟಿದ್ದಾರೆ, ಆರು ಜನ ಸೇರಿದರೆ ಮಾತ್ರ ಅದು ತೆರೆಯಬೇಕು. ಎಷ್ಟು ಬೀಗ ಬೇಕು? 462. ಒಬ್ಬೊಬ್ಬರೂ 252 ಬೀಗದ ಕೈ ಹೊತ್ತು ತಿರುಗಬೇಕು!

ಈ ಲೆಕ್ಕವನ್ನು ಮುಂದಿಟ್ಟುಕೊಂಡೇ ಇಸ್ರೇಲಿನ ಗೂಢಲಿಪಿ ತಜ್ಞ ಆದಿ ಶಮೀರ್ 1979ರಲ್ಲಿ, ಬೀಗಗಳಿಲ್ಲದೆ ಗುಟ್ಟು ಹಂಚುವ ಉಪಾಯ ತೋರಿಸುವ ಎರಡೇ ಪುಟದ ಒಂದು ಪ್ರಬಂಧ ಬರೆದರು. ಅದೇ ವರ್ಷ ಅಮೆರಿಕದ ಜಾರ್ಜ್ ಬ್ಲೇಕ್ಲಿ ಕೂಡ ಬೇರೆ ದಾರಿಯಲ್ಲಿ ಅಲ್ಲಿಗೇ ತಲುಪಿದ್ದರು. ಶಮೀರ್ ಡಾಕ್ಟರೇಟ್ ಪಡೆದದ್ದು ಇಸ್ರೇಲಿನ ರೆಹೋವೋತ್ ಊರಿನ ವೈಜ್‌ಮನ್ ಸಂಸ್ಥೆಯಲ್ಲಿ. ಪ್ರಬಂಧ ಬರೆಯುವಾಗ ಅವರು ಅಮೆರಿಕದ ಎಂಐಟಿಯಲ್ಲಿದ್ದರು, ಆಮೇಲೆ ವೈಜ್‌ಮನ್ನಿಗೇ ವಾಪಸ್ ಬಂದರು. ಅಲ್ಲಿನ ವಿಭಾಗದ ಹೆಸರು ‘ಕಂಪ್ಯೂಟರ್ ವಿಜ್ಞಾನ ಮತ್ತು ಅನ್ವಯಿಕ ಗಣಿತ’.

ಈ ಎರಡಕ್ಕೂ ಏನು ನಂಟು ಎಂದು ಕೇಳುವವರಿಗೆ ಸ್ವಲ್ಪ ಚರಿತ್ರೆ ಹೇಳಬೇಕು. ಅಲ್ಲಿ ಮೊದಲಿದ್ದದ್ದು ಗಣಿತ. ಹೈಮ್ ಪೆಕೆರಿಸ್ ಎಂಬ ಭೂವಿಜ್ಞಾನಿ ಅನ್ವಯಿಕ ಗಣಿತ ವಿಭಾಗ ಕಟ್ಟಿದರು. ಸಮುದ್ರದ ಉಬ್ಬರ ಇಳಿತದ ಸಮೀಕರಣಗಳನ್ನು ಇಡೀ ಭೂಮಿಯ ಸಾಗರಗಳಿಗೆ ಬಿಡಿಸಬೇಕು ಎನ್ನುವುದು ಅವರ ಹಟ. ಕೈಲೆಕ್ಕಕ್ಕೆ ಬಗ್ಗುವ ವಿಷಯ ಅಲ್ಲ ಅದು. ಹಾಗಾಗಿ ಕಂಪ್ಯೂಟರ್ ಬೇಕೆಂದರು. ಸಲಹಾ ಸಮಿತಿಯಲ್ಲಿದ್ದ ಐನ್‌ಸ್ಟೈನರಿಗೆ ಅನುಮಾನ: ಅಷ್ಟು ಪುಟ್ಟ ದೇಶಕ್ಕೆ ಅಷ್ಟು ದೊಡ್ಡ ಯಂತ್ರ ಯಾಕೆ? ಅವರನ್ನು ಒಪ್ಪಿಸಿದ್ದು ಗಣಿತಜ್ಞ ಫಾನ್ ನಾಯ್ಮನ್. ಅಮೆರಿಕದಿಂದ ಎಂಜಿನಿಯರ್ ಜೆರಾಲ್ಡ್ ಎಸ್ಟ್ರಿನ್ ಬಂದು, ಬಿಡಿಭಾಗಗಳನ್ನು ಹೇಗೋ ಹೊಂದಿಸಿ, 1955ರಲ್ಲಿ ‘ವೈಜ್ಯಾಕ್’ ಎಂಬ ಕಂಪ್ಯೂಟರ್ ಓಡುವಂತೆ ಮಾಡಿದರು. ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ ಉಬ್ಬರವೂ ಇಲ್ಲದ ಇಳಿತವೂ ಇಲ್ಲದ ಒಂದು ಜಾಗ ಇದೆ ಎಂದು ಪೆಕೆರಿಸ್ ತಂಡದ ಲೆಕ್ಕ ಹೇಳಿತು. ಅಲ್ಲಿ ಪ್ರಶ್ನೆ ಮೊದಲು ಬಂತು, ಯಂತ್ರ ಆಮೇಲೆ ಬಂತು. ಕಂಪ್ಯೂಟರ್ ವಿಜ್ಞಾನ ಅಂದರೆ ಕೋಡಿಂಗ್ ಕಲಿಸುವುದು ಎಂದುಕೊಂಡವರಿಗೆ ಈ ಹಿಂದುಮುಂದು ಅರ್ಥವಾಗುವುದು ಕಷ್ಟ.

ಇರಲಿ, ಶಮೀರರ ಉಪಾಯಕ್ಕೆ ಬರೋಣ. ಹೈಸ್ಕೂಲಿನ ಗ್ರಾಫ್ ಹಾಳೆ ಸಾಕು. ಗುಟ್ಟು 7 ಅನ್ನಿ. ಮೂವರಿಗೆ ಹಂಚಬೇಕು, ಯಾರಾದರೂ ಇಬ್ಬರು ಸೇರಿದರೆ ತಿಳಿಯಬೇಕು. ಮನಸ್ಸಿಗೆ ಬಂದ ಇನ್ನೊಂದು ಸಂಖ್ಯೆ ಹಿಡಿಯಿರಿ, 3 ಇರಲಿ. 7ಕ್ಕೆ ಮೂರು ಮೂರು ಕೂಡಿಸುತ್ತಾ ಹೋಗಿ. ಮೊದಲನೆಯವರ ಪಾಲು 10, ಎರಡನೆಯವರದು 13, ಮೂರನೆಯವರದು 16. ಗ್ರಾಫಿನಲ್ಲಿ ಇವು ಒಂದೇ ಗೆರೆಯ ಮೇಲಿನ ಮೂರು ಚುಕ್ಕೆಗಳು. ಈಗ ಒಂದನೆಯವರೂ ಮೂರನೆಯವರೂ ಭೇಟಿಯಾದರು ಅನ್ನಿ. ವ್ಯತ್ಯಾಸ 6, ನಡುವೆ ಎರಡು ಹೆಜ್ಜೆ, ಅಂದರೆ ಹೆಜ್ಜೆಗೆ 3. 10ರಿಂದ 3 ಕಳೆದರೆ ಗುಟ್ಟು ಬಯಲು.

ಒಂದು ತೂತು ಉಳಿಯಿತು. 10 ಹಿಡಿದವನಿಗೆ ಗುಟ್ಟು ಹತ್ತಕ್ಕಿಂತ ಜಾಸ್ತಿ ಇಲ್ಲ ಎಂದು ಗೊತ್ತಾಗಿಬಿಡುತ್ತದೆ. ಅದನ್ನು ಮುಚ್ಚಲು ಪ್ರತಿ ಪಾಲನ್ನೂ 11ರಿಂದ ಭಾಗಿಸಿ, ಶೇಷವನ್ನಷ್ಟೇ ಕೊಡಿ. ಪಾಲುಗಳು 10, 2, 5 ಆಗುತ್ತವೆ. ಈಗ 2 ಹಿಡಿದ ಎರಡನೆಯವರು ತಲೆ ಕೆಡಿಸಿಕೊಳ್ಳಲಿ. ಗುಟ್ಟು 0 ಇರಬಹುದೇ? ಹೆಜ್ಜೆ 1 ಆಗಿದ್ದರೆ ಸರಿಹೋಗುತ್ತದೆ. ಗುಟ್ಟು 1? ಹೆಜ್ಜೆ 6 ಆಗಿದ್ದರೆ 13, ಶೇಷ 2, ಅದೂ ಸರಿ. ಗುಟ್ಟು 10? ಹೆಜ್ಜೆ 7 ಆಗಿದ್ದರೆ 24, ಶೇಷ ಮತ್ತೆ 2. ಸೊನ್ನೆಯಿಂದ ಹತ್ತರವರೆಗೆ ಯಾವುದನ್ನು ಊಹಿಸಿದರೂ ಅದಕ್ಕೆ ಒಪ್ಪುವ ಹೆಜ್ಜೆ ಒಂದು, ಒಂದೇ ಒಂದು, ಇದ್ದೇ ಇರುತ್ತದೆ. ಅಂದರೆ ಒಂದು ಪಾಲಿನಿಂದ ಸಿಕ್ಕ ಸುಳಿವು ಸೊನ್ನೆ. 11ರ ಜಾಗದಲ್ಲಿ ನೂರಂಕಿಯ ಅವಿಭಾಜ್ಯ ಸಂಖ್ಯೆ ಇಟ್ಟರೂ ಇದೇ ಲೆಕ್ಕ. ಐವರು ಬೇಕೆಂದರೆ ಗೆರೆಯ ಬದಲು ಐದು ಚುಕ್ಕೆಗಳಿಲ್ಲದೆ ತೀರ್ಮಾನವಾಗದ ವಕ್ರರೇಖೆ ಎಳೆಯಿರಿ.

ಕ್ವಾಂಟಂ ಕಂಪ್ಯೂಟರ್ ಬಂದರೆ ಜಗತ್ತಿನ ಗುಟ್ಟೆಲ್ಲ ರಟ್ಟು ಎಂದು ಹೆದರಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಶಮೀರರೇ ಪಾಲುದಾರರಾಗಿದ್ದ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನಕ್ಕೆ ಆ ಭಯ ಇರುವುದು ನಿಜ. ದೊಡ್ಡ ಸಂಖ್ಯೆಯನ್ನು ಅಪವರ್ತಿಸುವುದು ಕಷ್ಟ ಎನ್ನುವ ನಂಬಿಕೆಯ ಮೇಲೆ ಅದು ನಿಂತಿದೆ. ಆದರೆ ಈ ಪಾಲುಗಳ ಆಟ ಯಾವ ಕಷ್ಟದ ಮೇಲೂ ನಿಂತಿಲ್ಲ. ಸುಳಿವೇ ಇಲ್ಲದ ಕಡೆ ಯಂತ್ರ ಎಷ್ಟು ಜೋರಾಗಿದ್ದರೇನು?

1994ರಲ್ಲಿ ಶಮೀರ್ ಮತ್ತು ಅದೇ ವಿಭಾಗದ ಮೋನಿ ನಾವೋರ್ ಇದನ್ನು ಪಾರದರ್ಶಕ ಹಾಳೆಗಳಿಗೂ ತಂದರು. ಚಿತ್ರದ ಪ್ರತಿ ಚುಕ್ಕೆಯನ್ನೂ ಎರಡು ಭಾಗ ಮಾಡುತ್ತಾರೆ. ಮೊದಲ ಹಾಳೆಯಲ್ಲಿ ಎಡವೋ ಬಲವೋ, ನಾಣ್ಯ ಚಿಮ್ಮಿ ಒಂದಕ್ಕೆ ಕಪ್ಪು. ಚಿತ್ರದಲ್ಲಿ ಆ ಚುಕ್ಕೆ ಬಿಳಿಯಾಗಿದ್ದರೆ ಎರಡನೇ ಹಾಳೆಯಲ್ಲೂ ಅದೇ ಭಾಗ ಕಪ್ಪು, ಕಪ್ಪಾಗಿದ್ದರೆ ಇನ್ನೊಂದು ಭಾಗ ಕಪ್ಪು. ಒಂದೊಂದೇ ಹಾಳೆ ನೋಡಿದರೆ ಬರೀ ಮರಳು ಚೆಲ್ಲಿದ ಹಾಗಿರುತ್ತದೆ. ಒಂದರ ಮೇಲೊಂದು ಇಟ್ಟ ಕೂಡಲೇ ಅಕ್ಷರ ಮೂಡುತ್ತದೆ. ಬಿಡಿಸಲು ಕಂಪ್ಯೂಟರೇ ಬೇಡ.

ಇಷ್ಟೆಲ್ಲ ಗೊತ್ತಿದ್ದೂ 2025ರಲ್ಲಿ ಒಂದು ತಮಾಷೆ ನಡೆಯಿತು. ಗೂಢಲಿಪಿ ಸಂಶೋಧಕರ ಅಂತರರಾಷ್ಟ್ರೀಯ ಸಂಘ ಪದಾಧಿಕಾರಿಗಳ ಆಯ್ಕೆಗೆ ಆನ್‌ಲೈನ್ ಮತದಾನ ಮಾಡಿತು. ಎಣಿಕೆಗೆ ಮೂವರ ಕೀಲಿಗಳೂ ಬೇಕಿದ್ದವು, ಮೂರಕ್ಕೆ ಮೂರೂ. ಒಬ್ಬರು ತಮ್ಮ ಕೀಲಿಯನ್ನು ಕಳೆದುಕೊಂಡರು. ಮತ ಹಾಕಿದವರೆಲ್ಲ ಗೂಢಲಿಪಿ ಪಂಡಿತರು, ಆದರೂ ಫಲಿತಾಂಶವನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ. ಮತ್ತೆ ಚುನಾವಣೆ ಇಡಬೇಕಾಯಿತು. ಈ ಸಲ ಮೂವರಲ್ಲಿ ಇಬ್ಬರಿದ್ದರೆ ಸಾಕು ಎಂದು ನಿಯಮ ಬದಲಾಯಿಸಿಕೊಂಡರು.