ಪೆಡಲು ಯಾವ ಕಡೆಗೆ ತಿರುಗಿಸಬೇಕು?

ಏಳನೇ ತರಗತಿಯ ಹುಡುಗನೊಬ್ಬ ‘ನನ್ನ ಮೆಚ್ಚಿನ ಪ್ರಾಣಿ’ ಎಂಬ ಪ್ರಬಂಧಕ್ಕೆ ನಾಲ್ಕು ಸಾಲು ಬರೆದಿದ್ದ. ನಾಯಿ ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ನಿಯತ್ತಿನ ಪ್ರಾಣಿ. ನನಗೆ ನಾಯಿ ಎಂದರೆ ಇಷ್ಟ. ನಾನು ಎಂದಿನಂತೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇನ್ನೂ ವಿವರವಾಗಿ ಬರೆ’ ಎಂದು ಗೀಚಿ ಪುಸ್ತಕ ವಾಪಸು ಕೊಟ್ಟೆ. ಮುಂದಿನ ಸಲವೂ ನಾಲ್ಕೇ ಸಾಲು. ತಪ್ಪು ಅವನದಲ್ಲ. ನಾಯಿಗೆ ನಾಲ್ಕು ಕಾಲು ಎಂಬುದು ನನಗೆ ಗೊತ್ತು. ನನಗೆ ಗೊತ್ತು ಎಂಬುದು ಅವನಿಗೂ ಗೊತ್ತು. ಗೊತ್ತಿರುವವರಿಗೆ ಯಾರು ತಾನೇ ಬಿಡಿಸಿ ಹೇಳುತ್ತಾರೆ?

ಅದೇ ಹುಡುಗ ನಮ್ಮ ತರಗತಿಯ ಬ್ಲಾಗಿನಲ್ಲಿ, ಅಂದರೆ ಮಕ್ಕಳ ಬರಹ ಹಾಕುವ ಜಾಲತಾಣದಲ್ಲಿ, ಸೈಕಲ್ ಚೈನು ಕಳಚಿದರೆ ಹಾಕುವುದು ಹೇಗೆಂದು ಬರೆದ. ಅದೂ ಗಿಡ್ಡವೇ: ‘ಚೈನನ್ನು ಹಲ್ಲಿಗೆ ಸಿಕ್ಕಿಸಿ ಪೆಡಲು ತಿರುಗಿಸಿದರೆ ಕೂರುತ್ತದೆ.’ ಎರಡು ದಿನ ಬಿಟ್ಟು ಹುಡುಗಿಯೊಬ್ಬಳು ಅದರ ಕೆಳಗೆ ಕೇಳಿದಳು: ‘ಯಾವ ಹಲ್ಲು? ಹಿಂದಿನದಾ, ಮುಂದಿನದಾ? ಪೆಡಲು ಯಾವ ಕಡೆಗೆ? ನೀನು ಹೇಳಿದ ಹಾಗೇ ಮಾಡಿದೆ, ಬರೀ ಕೈ ಮಸಿಯಾಯಿತು.’

ಮರುದಿನ ಬರಹ ಬದಲಾಗಿತ್ತು. ಮೊದಲು ಹಿಂದಿನ ಚಿಕ್ಕ ಚಕ್ರದ ಹಲ್ಲಿಗೆ ಚೈನು ಕೂರಿಸಬೇಕು, ಆಮೇಲೆ ಮುಂದಿನ ದೊಡ್ಡ ಚಕ್ರದ ಕೆಳಗಿನ ಹಲ್ಲಿಗೆ ಸಿಕ್ಕಿಸಬೇಕು, ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಬೇಕು. ಮಾರನೇ ದಿನ ಇನ್ನೊಂದು ಸಾಲು ಸೇರಿತು: ‘ಬೆರಳು ಹುಷಾರು.’ ನನ್ನ ಕೆಂಪು ಶಾಯಿ ವರ್ಷವಿಡೀ ಮಾಡದ ಕೆಲಸವನ್ನು ‘ಯಾವ ಕಡೆಗೆ?’ ಎಂಬ ಪ್ರಶ್ನೆ ಮಾಡಿತ್ತು.

ಇದು ಕಂಪ್ಯೂಟರಿನ ಮಹಿಮೆ ಅಂದುಕೊಳ್ಳಬೇಡಿ. ಫ್ರಾನ್ಸಿನ ಹಳ್ಳಿಯೊಂದರ ಮೇಷ್ಟ್ರು ಸೆಲೆಸ್ಟಾನ್ ಫ್ರೆನೆ 1920ರ ದಶಕದಲ್ಲೇ ತರಗತಿಯೊಳಗೆ ಪುಟ್ಟ ಮುದ್ರಣಯಂತ್ರ ತಂದಿಟ್ಟಿದ್ದರು. ಮಕ್ಕಳು ತಮ್ಮ ಬರಹಕ್ಕೆ ತಾವೇ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅಚ್ಚಾದ ಹಾಳೆಗಳು ದೂರದ ಬ್ರಿಟನಿ ಪ್ರಾಂತ್ಯದ ಶಾಲೆಗೆ ಹೋಗುತ್ತಿದ್ದವು, ಅಲ್ಲಿಯ ಮಕ್ಕಳ ಬರಹ ಇಲ್ಲಿಗೆ ಬರುತ್ತಿತ್ತು. ಬ್ರಿಟನಿಯ ಸಮುದ್ರದಂಡೆಯ ಮಗುವಿಗೆ ಫ್ರೆನೆಯವರ ಬೆಟ್ಟದ ಊರು ಹೇಗಿದೆ ಎಂಬುದು ನಿಜಕ್ಕೂ ಗೊತ್ತಿರಲಿಲ್ಲ. ಹಾಗಾಗಿ ವಿವರ ತಾನಾಗಿ ಬಂತು. 1999ರಲ್ಲಿ ಬ್ಲಾಗರ್ ಎಂಬ, ಬ್ಲಾಗು ಬರೆಯುವ ತಾಣ ಶುರುವಾದ ಮೇಲೆ ನಮಗೆ ಮೊಳೆ ಜೋಡಿಸುವ ಕಷ್ಟ ತಪ್ಪಿತು, ಅಷ್ಟೇ. ಒಂದೊಂದೇ ಅಕ್ಷರ ಹುಡುಕಿ ಜೋಡಿಸುವ ಆ ನಿಧಾನದಲ್ಲಿ ಪದ ಆರಿಸಲು ಸಿಗುತ್ತಿದ್ದ ಪುರುಸೊತ್ತು ಮಾತ್ರ ನಮ್ಮ ಕೈತಪ್ಪಿತು ಅನಿಸುತ್ತದೆ ನನಗೆ. ಅದಕ್ಕೇ ಮೊದಲ ಕರಡನ್ನು ಈಗಲೂ ತರಗತಿಯಲ್ಲೇ, ಕಾಗದದ ಮೇಲೆ, ಕೈಯಲ್ಲಿ ಬರೆಸುತ್ತೇನೆ. ಮನೆಯಲ್ಲಿ ಎಐ ಬರೆದುಕೊಟ್ಟಿತೋ ಅಣ್ಣ ಬರೆದುಕೊಟ್ಟನೋ ಎಂಬ ತಲೆಬಿಸಿಯೂ ಇದರಿಂದ ಮುಕ್ಕಾಲು ಕಡಿಮೆ.

ಮೊದಲ ವರ್ಷ ನಾನೊಂದು ದೊಡ್ಡ ಎಡವಟ್ಟು ಮಾಡಿದೆ. ಮಕ್ಕಳ ಬರಹದ ಕೆಳಗೆ, ಎಲ್ಲರಿಗೂ ಕಾಣುವಂತೆ, ಕಾಗುಣಿತದ ತಪ್ಪುಗಳನ್ನು ಪಟ್ಟಿ ಮಾಡಿ ಹಾಕತೊಡಗಿದೆ. ಒಬ್ಬಳ ಬರಹದಲ್ಲಿ ಹನ್ನೊಂದು ತಪ್ಪು ತೋರಿಸಿದ್ದೆ. ಮಳೆಯಲ್ಲಿ ಕರೆಂಟು ಹೋದ ರಾತ್ರಿಯ ಬಗ್ಗೆ ಬರೆದಿದ್ದಳು, ಚೆನ್ನಾಗಿಯೇ ಇತ್ತು. ಆಮೇಲೆ ಎರಡು ತಿಂಗಳು ಅವಳು ಒಂದಕ್ಷರ ಬರೆಯಲಿಲ್ಲ. ಈಗ ತಿದ್ದುಪಡಿಯೆಲ್ಲ ಪ್ರಕಟವಾಗುವ ಮುಂಚೆಯೇ, ಮಗುವಿನ ಪಕ್ಕ ಕೂತು, ಒಂದು ಸಲಕ್ಕೆ ಒಂದೇ ಬಗೆಯ ತಪ್ಪು. ಈ ವಾರ ಅಲ್ಪಪ್ರಾಣ–ಮಹಾಪ್ರಾಣ ಅಂದರೆ ಅದೊಂದೇ. ಉಳಿದದ್ದು ಹಾಗೇ ಅಚ್ಚಾಗಲಿ. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ. ತಪ್ಪಿರುವ ಬರಹ ಹೊರಗೆ ಹೋದರೆ ಶಾಲೆಯ ಮಾನ ಹೋಗುತ್ತದೆ ಎನ್ನುತ್ತಾರೆ. ಬರೆಯದ ಮಕ್ಕಳಿದ್ದರೆ ಮಾನ ಉಳಿಯುತ್ತದೆಯೇ ಎಂದು ನಾನು ಕೇಳುವುದುಂಟು.

ಪ್ರತಿಕ್ರಿಯೆ ಬರೆಯುವುದನ್ನೂ ಕಲಿಸಬೇಕು. ಮಕ್ಕಳಷ್ಟಕ್ಕೇ ಬಿಟ್ಟರೆ ‘ಸೂಪರ್’, ‘ಚೆನ್ನಾಗಿದೆ’, ಮೇಲೊಂದು ಹೆಬ್ಬೆರಳಿನ ಚಿತ್ರ. ನಮ್ಮಲ್ಲಿ ಈ ಎರಡು ಪದಗಳಿಗೆ ಪ್ರವೇಶವಿಲ್ಲ. ಬರಹದಿಂದ ಒಂದು ವಾಕ್ಯ ಎತ್ತಿ ಹೇಳಬೇಕು, ನಿಜವಾಗಿ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಬೇಕು. ಶುರುವಿನ ಮೂರು ವಾರ ಇದನ್ನು ಚೀಟಿಯ ಮೇಲೆ ಬರೆಸಿ ಅಭ್ಯಾಸ ಮಾಡಿಸುತ್ತೇನೆ.

ಅಂಕದ ವಿಷಯ: ಬ್ಲಾಗಿಗೆ ಅಂಕವಿಲ್ಲ. ಅಂಕ ಬಂದ ದಿನವೇ ನಾಯಿಗೆ ಮತ್ತೆ ನಾಲ್ಕು ಕಾಲು ಮೂಡುತ್ತವೆ.

ಯಾರು ಓದಬಹುದು ಎಂಬುದನ್ನು ಮೊದಲೇ ತೀರ್ಮಾನಿಸಿ. ನಾವು ಮೊದಲ ಅವಧಿಯಲ್ಲಿ ತರಗತಿಯವರಿಗಷ್ಟೇ, ಆಮೇಲೆ ಪೋಷಕರಿಗೆ ತೆರೆಯುತ್ತೇವೆ. ಇಡೀ ಲೋಕಕ್ಕೆ ತೆರೆಯುವ ಅಗತ್ಯ ನನಗೆ ಈವರೆಗೆ ಕಂಡಿಲ್ಲ. ಅಡ್ಡಹೆಸರಿನಲ್ಲಿ ಬರವಣಿಗೆ, ಮಕ್ಕಳ ಫೋಟೊ ಇಲ್ಲ, ಮನೆ ಎಲ್ಲಿದೆ ಎಂಬ ಸುಳಿವಿಲ್ಲ, ನಾನು ಓದಿ ಒಪ್ಪದೆ ಏನೂ ಪ್ರಕಟವಾಗುವುದಿಲ್ಲ. ಪೋಷಕರ ಒಪ್ಪಿಗೆ ಲಿಖಿತವಾಗಿಯೇ ಬೇಕು. ಹದಿಮೂರು ವರ್ಷದೊಳಗಿನ ಮಕ್ಕಳ ವಿವರ ಸಂಗ್ರಹಿಸುವ ಜಾಲತಾಣಗಳು ಪೋಷಕರ ಒಪ್ಪಿಗೆ ಪಡೆಯಬೇಕೆಂದು ಅಮೆರಿಕ 1998ರಲ್ಲೇ ಕಾನೂನು ಮಾಡಿತು. ನೀವು ಬಳಸುವ ತಾಣದ ವಯಸ್ಸಿನ ನಿಯಮವನ್ನೊಮ್ಮೆ ಓದಿಕೊಳ್ಳಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಮಾತುಗಾರ ಮಕ್ಕಳ ಬರಹಕ್ಕೆ ಹತ್ತು ಪ್ರತಿಕ್ರಿಯೆ, ಮೂಲೆಯ ಬೆಂಚಿನವರಿಗೆ ಸೊನ್ನೆ. ಯಾರೂ ಓದದ ಬರಹ ನನ್ನ ಕೆಂಪು ಶಾಯಿಗಿಂತ ಹೆಚ್ಚು ನೋಯಿಸುತ್ತದೆ. ಹಾಗಾಗಿ ಶುಕ್ರವಾರ ಸಂಜೆ ಪಟ್ಟಿ ನೋಡುತ್ತೇನೆ. ಸೊನ್ನೆ ಇರುವ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಆ ಹೆಸರಿನವರ ಬರಹ ಓದಿ ಪ್ರತಿಕ್ರಿಯೆ ಬರೆಯಲಿ ಎಂದು ಸೋಮವಾರ ಬೆಳಿಗ್ಗೆ ಒಬ್ಬೊಬ್ಬರ ಕೈಗೆ ಒಂದೊಂದು ಚೀಟಿ ಕೊಡುತ್ತೇನೆ. ಕಳೆದ ವಾರ ಒಂದು ಚೀಟಿ ಮಿಕ್ಕಿತು. ಅದನ್ನು ನಾನೇ ಇಟ್ಟುಕೊಂಡು, ಆ ಮಗುವಿಗೆ ಪಾರಿವಾಳದ ಮೊಟ್ಟೆಯ ಬಗ್ಗೆ ನನಗೆ ನಿಜವಾಗಿ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.